ಹದಿನೆಂಟು ಅಡಿಯ ದೋಣಿಗೆ ಇಪ್ಪತ್ತೈದು ಕುದುರೆ

ನನ್ನ ದೋಣಿ ಹದಿನೆಂಟು ಅಡಿ ಉದ್ದ. ಹಾಗಂತ ನಾನು ಹೇಳುತ್ತಾ ಬಂದಿದ್ದೇನೆ. ಮದುವೆಯಾದ ವರ್ಷ ನಮ್ಮ ಮಾವನವರು ಕೈಯಾರೆ ಹಲಗೆ ಜೋಡಿಸಿ ಕಟ್ಟಿಕೊಟ್ಟಾಗ ಅದು ಹದಿನಾಲ್ಕು ಅಡಿ ಇತ್ತು, ನಿಜ. ಆದರೆ ಮೀನು ಹಿಡಿಯುವವನು ತಪ್ಪಿಸಿಕೊಂಡ ಮೀನನ್ನು ಎಂದಾದರೂ ಸರಿಯಾದ ಅಳತೆಯಲ್ಲಿ ತೋರಿಸಿದ್ದುಂಟೇ? ಆ ಅಭ್ಯಾಸ ದೋಣಿಗೂ ಅಂಟಿಕೊಂಡಿತು. ಮೂರು ವರ್ಷಕ್ಕೊಂದು ಅಡಿಯಂತೆ ಹನ್ನೆರಡು ವರ್ಷದಲ್ಲಿ ನಾಲ್ಕು ಅಡಿ ಬೆಳೆಯಿತು. (ಇದನ್ನು ಸುಳ್ಳು ಎನ್ನಬಾರದು. ಮನೆಯ ವಸ್ತುವಿನ ಮೇಲಿನ ಅಭಿಮಾನ ಎನ್ನಬೇಕು.)

ಅಷ್ಟು ವರ್ಷ ಹುಟ್ಟು ಹಾಕಿ ನನ್ನ ಬಲಭುಜ ಮುಷ್ಕರ ಹೂಡಿದ ಮೇಲೆ, ದೋಣಿಗೆ ಮೋಟಾರು ಕೂರಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಎಷ್ಟು ಕುದುರೆಶಕ್ತಿಯದು ಎಂಬಲ್ಲಿ ಜಗಳ ಹತ್ತಿತು.

"ಎಂಟು ಸಾಕು," ಎಂದಳು ನನ್ನ ಹೆಂಡತಿ, ಅಡುಗೆಮನೆಯ ನೆಲದ ಮೇಲೆ ಕೂತು ಹರಿದ ಬಲೆಗೆ ಗಂಟು ಹಾಕುತ್ತಾ. "ನಾನು, ನೀವು, ಬಲೆ, ಎರಡು ಬುಟ್ಟಿ. ಇಷ್ಟಕ್ಕೆ ಎಂಟು ಕುದುರೆ ಬೇಕಾದಷ್ಟಾಯ್ತು."

"ಎಂಟಾ? ಎದುರುಮನೆ ಮೀಸೆಯವನೇ ಹದಿನೈದು ಇಟ್ಕೊಂಡಿದಾನೆ."

"ಅವನ ದೋಣಿ ದೊಡ್ಡದು ರೀ."

"ದೋಣಿಗಿಂತ ಮನಸ್ಸು ದೊಡ್ಡದಿರಬೇಕು ಕಣೇ."

"ಮನಸ್ಸಿಗೆ ಮೋಟಾರು ಕಟ್ಟೋಕಾಗುತ್ತಾ?"

ಕೊನೆಗೆ ಒಪ್ಪಂದವಾಯಿತು. ಮೋಟಾರು ಆರಿಸುವವನು ನಾನು. ಅದು ಹೊಂದಿದರೆ ಹಿಂದೆ ಕೂತು ದೋಣಿ ನಡೆಸುವ ಹಕ್ಕು ಜೀವನಪರ್ಯಂತ ನನ್ನದು. ಹೊಂದದಿದ್ದರೆ ಆ ಜಾಗ ಅವಳಿಗೆ, ನಾನು ಮುಂದೆ ಕೂತು ಬಲೆ ಎಳೆಯಬೇಕು. ಯಜಮಾನನ ಪೀಠವನ್ನೇ ಪಣಕ್ಕಿಟ್ಟೆ ನೋಡಿ. ಸೋಲುವ ಯೋಚನೆ ಹತ್ತಿರವೂ ಸುಳಿದಿರಲಿಲ್ಲ.

ಮೋಟಾರು ಅಂಗಡಿಗೆ ಹೋದೆ. ಹೋದರೆ, ಅಲ್ಲಿ ಸ್ಟೂಲಿನ ಮೇಲೆ ಮೀಸೆಯವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೆಕ್ಯಾನಿಕ್ಕು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಕೇಳಿದ, "ದೋಣಿ ಉದ್ದ ಎಷ್ಟು? ಸರಿಯಾಗಿ ಹೇಳಿ. ಉದ್ದ ನೋಡಿ ಮೋಟಾರು ಕೊಡೋದು ನಾನು. ಚಿಕ್ಕ ದೋಣಿಗೆ ದೊಡ್ಡದು ಕೂರಿಸಿದ್ರೆ ಹಿಂಭಾಗ ಕುಸಿದುಬಿಡುತ್ತೆ."

ಹದಿನಾಲ್ಕು ಎಂಬ ಸಂಖ್ಯೆ ಗಂಟಲವರೆಗೂ ಬಂದಿತ್ತು, ನನ್ನಾಣೆ. ಆದರೆ ಹೋದ ತಿಂಗಳಷ್ಟೇ ಇದೇ ಮೀಸೆಯವನಿಗೆ ಹದಿನೆಂಟು ಎಂದಿದ್ದೆ. ಅವನು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಾನೆ. ಕೊಟ್ಟ ಮಾತಿಗೆ ತಪ್ಪುವ ವಂಶ ನಮ್ಮದಲ್ಲ.

"ಹದಿನೆಂಟು," ಎಂದೆ.

"ಹಾಗಾದ್ರೆ ಇಪ್ಪತ್ತೈದು ಆರಾಮಾಗಿ ಹೊರುತ್ತೆ," ಎಂದ ಮೆಕ್ಯಾನಿಕ್ಕು. ಮೀಸೆಯವನು ಎದ್ದುಹೋದ. ಅವನ ಆ ಬೆನ್ನು ನೋಡಿದಾಗ ಆದ ಸಂತೋಷವನ್ನು ಏನೆಂದು ವರ್ಣಿಸಲಿ! ಎದೆ ಅಂಗಿಯ ಗುಂಡಿಗಳನ್ನು ತಳ್ಳುತ್ತಿತ್ತು.

ಇಬ್ಬರು ಆಳುಗಳು ಮೋಟಾರನ್ನು ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದಾಗ ಕಪಾಟಿನ ಪಾತ್ರೆಗಳೆಲ್ಲ ಗಡಗಡಿಸಿದವು. ಹೆಂಡತಿ ಮೋಟಾರಿಗೆ ಒಂದು ಸುತ್ತು ಬಂದಳು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ರೀ."

"ನಾಳೆ ನೋಡ್ತಾ ಇರು," ಎಂದೆ.

ಮರುದಿನ ಬೆಳಿಗ್ಗೆ ದಡದಲ್ಲಿ ಜನವೋ ಜನ. (ಕರೆದವನು ನಾನೇ.) ಮಾವನವರು ಮೀನಿನ ಪೆಟ್ಟಿಗೆಯೊಂದನ್ನು ಮಗುಚಿಕೊಂಡು ಕೂತಿದ್ದರು. ಮೆಕ್ಯಾನಿಕ್ಕು ತನ್ನ ಕೈಯಾಳುಗಳೊಂದಿಗೆ ಮೋಟಾರು ಬಿಗಿದು, ದೋಣಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. ಅವನು ಬಾಯಿ ತೆರೆಯುವ ಮುಂಚೆ ನಾನು ಹತ್ತಿ ಕೂತು, ಹಗ್ಗ ಎಳೆದು, ಮುಂದೆ ಬಿಟ್ಟೇಬಿಟ್ಟೆ.

ಮೋಟಾರು ಗರ್ಜಿಸಿತು. ದೋಣಿಯ ಮೂತಿ ಮೇಲೆದ್ದಿತು. ಇನ್ನೂ ಎದ್ದಿತು. ನನಗೆ ನೀರು ಕಾಣುವುದು ನಿಂತು ಬರೀ ಆಕಾಶ ಕಾಣತೊಡಗಿತು. ಇದೇ ವೇಗವಿರಬೇಕು ಎಂದು ಹಿಗ್ಗುವಷ್ಟರಲ್ಲಿ ಬೆನ್ನಿಗೆ ತಣ್ಣಗಾಯಿತು. ಹಿಂದಿನ ಹಲಗೆಯ ಮೇಲಿಂದ ನೀರು ಅತಿಥಿಯ ಹಾಗೆ ಒಳಗೆ ಬರುತ್ತಿತ್ತು. ನಾನು ಮೋಟಾರು ನಿಲ್ಲಿಸಿದೆ. ದಡದಿಂದ ಹತ್ತು ಮಾರು ದೂರದಲ್ಲಿ, ಸೊಂಟದುದ್ದ ನೀರಿನಲ್ಲಿ, ನನ್ನ ದೋಣಿ ಮರಳಿನ ಮೇಲೆ ಕುಂಡೆಯೂರಿ ಕೂತುಬಿಟ್ಟಿತು. ಮೋಟಾರಿನ ತಲೆ ನೀರಿನ ಮೇಲಿತ್ತು. ನನ್ನದೂ ಇತ್ತು, ಆದರೆ ತಗ್ಗಿತ್ತು.

ಎಲ್ಲರೂ ಸೇರಿ ಎಳೆದು ತಂದರು. ಮೆಕ್ಯಾನಿಕ್ಕು ಜೇಬಿನಿಂದ ಟೇಪು ತೆಗೆದು ಈ ತುದಿಯಿಂದ ಆ ತುದಿಗೆ ಹಿಡಿದ. "ಹದಿನಾಲ್ಕು," ಎಂದ, ಇಡೀ ದಡಕ್ಕೆ ಕೇಳುವ ಹಾಗೆ. "ಇವರು ಹದಿನೆಂಟು ಅಂದಿದ್ರು."

ಮಾವನವರು ನಿಧಾನವಾಗಿ ಎದ್ದು ಬಂದರು. "ಅಳಿಯಂದ್ರೇ, ನಾನು ಕಟ್ಟಿದಾಗ್ಲೂ ಹದಿನಾಲ್ಕೇ ಇತ್ತು. ನಡುವೆ ಅದಕ್ಕೆ ಏನು ತಿನ್ನಿಸಿದ್ರಿ?"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ನೀರಲ್ಲಿ ನೆನೆದು ಕುಗ್ಗಿದೆ ಮಾವ," ಎಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ತಾನೇ ಬಂದು ಅಳೆಯಬೇಕಿತ್ತೆಂದು ಮೆಕ್ಯಾನಿಕ್ಕು ಒಪ್ಪಿಕೊಂಡು, ಇಪ್ಪತ್ತೈದನ್ನು ವಾಪಸು ಪಡೆದು ಎಂಟರದನ್ನು ಕೊಟ್ಟ. ಹೆಂಡತಿ ಒಬ್ಬಳೇ ಎತ್ತಿ ಕೂರಿಸಿದಳು. ಸುಮ್ಮನೆ ಹಿಂದೆ ಹೋಗಿ ಕೂತು, ಹಿಡಿಕೆ ಹಿಡಿದು, ನನ್ನತ್ತ ನೋಡಿದಳು. ನಾನು ಮುಂದೆ ಹೋಗಿ ಕೂತೆ.

ಒಂದು ಮಾತು ಹೇಳಲೇಬೇಕು. ಅವಳು ದೋಣಿ ನಡೆಸುವುದನ್ನು ನೀವು ನೋಡಬೇಕು. ಅಲೆ ಎದುರಾದಲ್ಲಿ ವೇಗ ತಗ್ಗಿಸಿ, ಬಲೆಯ ಬಳಿ ಬಂದಾಗ ಗೇಣು ಅಂತರದಲ್ಲಿ ನಿಲ್ಲಿಸುತ್ತಾಳೆ. ಎಂಟೇ ಕುದುರೆ, ಆದರೆ ಒಂದೂ ಅಡ್ಡದಾರಿ ಹಿಡಿಯುವುದಿಲ್ಲ. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಹೆಮ್ಮೆಯಾಯಿತು.

ಮೊನ್ನೆ ಆಚೆ ದಡದ ಮುದುಕನೊಬ್ಬ ತನ್ನ ದೋಣಿಯನ್ನು ಪಕ್ಕಕ್ಕೆ ತಂದು, ನಾನು ಬಲೆ ಎಳೆಯುವುದನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಹೆಂಡತಿಯನ್ನು ಕೇಳಿದ, "ಒಳ್ಳೇ ಆಳು ಸಿಕ್ಕಿದಾನಲ್ಲಮ್ಮ. ಸಂಬಳ ಏನು ಕೊಡ್ತೀಯ?"

"ಸಂಬಳ ಇಲ್ಲ ತಾತ, ಊಟ ಹಾಕ್ತೀನಿ," ಎಂದಳು ಅವಳು, ಮುಖದ ಗೆರೆಯೊಂದೂ ಅಲುಗದೆ. "ಮಾತು ಜಾಸ್ತಿ. ಆದ್ರೆ ಕೆಲಸ ಚೊಕ್ಕ."

ಮದುವೆಯಾಗಿ ಹನ್ನೆರಡು ವರ್ಷಗಳಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಯಾರೆಂದು ಮುದುಕನಿಗೆ ತಿಳಿಸಲು ಹೋಗಲಿಲ್ಲ. ಇನ್ನಷ್ಟು ಚೊಕ್ಕವಾಗಿ ಬಲೆ ಎಳೆದೆ.