ಫೋಟೋದಲ್ಲಿ ಮುಗಿದ ಮನೆ

ಎಲ್ಲಾ ಶುರುವಾದದ್ದು ಒಂದು ಮೆಟ್ಟಿಲಿನಿಂದ. ಸೈಟ್ ಸೂಪರ್‌ವೈಸರ್ ನಾಳೆಪ್ಪ ಅದನ್ನು ಕಟ್ಟಿಸದೆಯೇ ಕಟ್ಟಿಸಿದ್ದ. ನಾಳೆಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಏನು ಕೇಳಿದರೂ "ನಾಳೆ ಆಗುತ್ತೆ" ಎನ್ನುತ್ತಿದ್ದುದಕ್ಕೆ ಕೂಲಿಯವರು ದಯಪಾಲಿಸಿದ ಬಿರುದು.

ಕಟ್ಟಡ ಕಂಪನಿಯ ಮೇಡಂ ಯಾವುದೋ ಸಭೆಗೆ ಹೋಗಿ ಬಂದವರೇ, "ಎಲ್ಲರೂ ಎಐ ಹಿಡ್ಕೊಂಡಿದಾರೆ, ನಾವಿನ್ನೂ ಕರಣೆ ಹಿಡ್ಕೊಂಡು ಕೂತಿದೀವಿ. ಇನ್ಮೇಲೆ ವರದಿ, ಫೋಟೋ ಎಲ್ಲಾ ಅದರಲ್ಲೇ ಆಗ್ಬೇಕು" ಎಂದು ಅಪ್ಪಣೆ ಕೊಡಿಸಿದ್ದರು. ಅಷ್ಟರಲ್ಲಿ ಗಾರೆಯವರು ಬೇರೆ ಸೈಟಿಗೆ ಹೋಗಿ ಕೆಲಸ ನಿಂತಿತ್ತು. ಮನೆ ಕೊಂಡವರು ದೂರದ ಊರಿನವರು, ಜಾಗವನ್ನೂ ನೋಡದೆ ನಕ್ಷೆ ನೋಡಿಯೇ ಕೊಂಡವರು. ದಿನಾ ಸಂಜೆ ಅವರಿಗೊಂದು ಫೋಟೋ ಬೇಕು. ನಾಳೆಪ್ಪ ಒಂದು ಸಂಜೆ ಎಐಗೆ, ಈ ಫೋಟೋಗೆ ಒಂದು ಮೆಟ್ಟಿಲು ಹಾಕು ಎಂದ. ಹಾಕಿತು. ಕೊಂಡವರು ಮೆಚ್ಚಿದರು. ಆಮೇಲೆ ಕೇಳಬೇಕೆ? ಗೋಡೆ ಎದ್ದಿತು, ಸೂರು ಬಂತು, ಬಣ್ಣವಾಯಿತು, ಕಿಟಕಿಗೆ ಪರದೆಯೂ ಬಿತ್ತು. ಸೈಟಿನಲ್ಲಿ ಮಾತ್ರ ಬರೀ ಕಂಬಗಳಿದ್ದವು, ನಡುವೆ ಒಂದು ನಾಯಿ ಮಲಗಿತ್ತು.

ಇವತ್ತು ಬೆಳಿಗ್ಗೆ ಮೇಡಂ ಫೋನ್ ಮಾಡಿದರು.

"ಕೊಂಡವರು ಹಳೇ ಮನೆ ಖಾಲಿ ಮಾಡಿ, ಸಾಮಾನೆಲ್ಲ ಲಾರಿಗೆ ಹಾಕ್ಕೊಂಡು ಹೊರಟಿದಾರೆ. ಸಂಜೆ ಹೊತ್ತಿಗೆ ಬರ್ತಾರೆ. ಫೋಟೋ ನಾನೂ ನೋಡ್ದೆ, ಭೇಷ್! ಆದ್ರೆ ಇವರಿಂದಲೂ ದೂರು ಬಂತೋ, ನಿಮ್ಮ ಕೆಲಸ ಹೋಯ್ತು ಅಂತ್ಲೇ ತಿಳ್ಕೊಳ್ಳಿ."

 ಮನೆಸಾಲದ ಕಂತು, ಹೆಂಡತಿಯ ಮುಖ, ಎರಡೂ ಒಟ್ಟಿಗೆ ನಾಳೆಪ್ಪನ ಕಣ್ಣ ಮುಂದೆ ಬಂದವು. ಓಡಿ ಹೋಗಿ, ಸೈಟಿನಲ್ಲಿ ಉಳಿದಿದ್ದ ಒಬ್ಬನೇ ಮೇಸ್ತ್ರಿಯ ಕೈ ಹಿಡಿದ.

"ಸಂಜೆಯೊಳಗೆ ಮನೆ ಕಟ್ಟೋಕೆ ನಾನೇನು ಮಂತ್ರವಾದೀನಾ?" ಎಂದ ಮೇಸ್ತ್ರಿ. "ಕಟ್ಟಿದ್ದು ಬಿದ್ದೋಯ್ತು ಅಂದ್ಬಿಡಿ."

"ಬಿದ್ದೋಯ್ತು ಅಂದ್ರೆ ಜೈಲಿಗೆ ಹಾಕ್ತಾರೆ ಕಣಯ್ಯ!"

ಅಷ್ಟರಲ್ಲಿ ವಾಕಿಂಗ್ ಹೊರಟಿದ್ದ ನಿವೃತ್ತ ಮೇಷ್ಟ್ರು ಗಲಾಟೆ ಕೇಳಿ ಒಳಗೆ ಬಂದು, ವಿಷಯವೆಲ್ಲ ಕೆದಕಿ ತಿಳಿದುಕೊಂಡರು. ಇವರು ಸೈಟಿನ ಹಿಂದಿನ ಬೀದಿಯಲ್ಲಿ ನಾಳೆಪ್ಪನ ಪಕ್ಕದ ಮನೆಯವರು. ಊರ ಉಸಾಬರಿ ಇಲ್ಲದಿದ್ದರೆ ಅವರಿಗೆ ಊಟ ಸೇರದು.

"ಫೋಟೋ ಇದೆ ತಾನೆ? ಮನೆಯಷ್ಟೇ ಎತ್ತರಕ್ಕೆ ಬ್ಯಾನರ್ ಮಾಡಿಸಿ ಕಂಬಕ್ಕೆ ಕಟ್ರಿ. ಮಬ್ಬು ಬೆಳಕಲ್ಲಿ ದೂರದಿಂದ ತೋರ್ಸಿ, ಬಣ್ಣ ಇನ್ನೂ ಹಸಿ ಅಂತ ಹೇಳಿ ಲಾಡ್ಜಿಗೆ ಸಾಗ್ಹಾಕಿ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಾಳೆಪ್ಪ ಬ್ಯಾನರಿನ ಅಂಗಡಿಗೆ ಓಡಿದ. ಲಾರಿ ಬಂದರೆ ಕತ್ತಲಾಗುವವರೆಗೂ ಮಾತಿಗೆಳೆಯಲು ಮೇಷ್ಟ್ರು ಮುಖ್ಯರಸ್ತೆಯ ತಿರುವಿನಲ್ಲಿ ಹೋಗಿ ನಿಂತರು.

ಬ್ಯಾನರ್ ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಕಟ್ಟಿದ್ದೇ ತಡ, ಗಾಳಿ ಎದ್ದಿತು. ಮನೆ ಹೊಟ್ಟೆ ಉಬ್ಬಿಸಿಕೊಂಡು ಮುಂದೆ ಬಂತು, ಮತ್ತೆ ಒಳಗೆ ಹೋಯಿತು. ಮುಂಬಾಗಿಲು ಮೇಲಕ್ಕೆ ಹಾರಿ, ಅದರಡಿಯಿಂದ ನಾಯಿ ಹೊರಗೆ ಬಂತು. ಮೇಸ್ತ್ರಿ ಒಂದು ಮೂಲೆಯನ್ನು ತಬ್ಬಿ ನಿಂತ, ನಾಳೆಪ್ಪ ಇನ್ನೊಂದನ್ನು.

"ಸಾರ್, ಕಿಟಕಿ ಹರೀತು!"

"ಹೊಲಿಯೋ ಮಾರಾಯ!"

ದೂರದಲ್ಲಿ ಲಾರಿಯ ಹಾರ್ನ್ ಕೇಳಿತು. ನಾಳೆಪ್ಪ ತನ್ನ ಮೂಲೆಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡ. ಬಂದದ್ದು ನೀರಿನ ಟ್ಯಾಂಕರ್. ಹೊತ್ತು ಇಳಿಯಿತು, ಕೈ ಮರಗಟ್ಟಿತು, ಲಾರಿ ಬರಲೇ ಇಲ್ಲ. ಬರದಿದ್ದರೆ ಸಾಕು ಎಂದು ಬೆಳಿಗ್ಗೆಯಿಂದ ಹಂಬಲಿಸಿದವನಿಗೆ ಈಗ ಬರದಿದ್ದುದಕ್ಕೇ ಹೆದರಿಕೆಯಾಯಿತು.

ಫೋನ್ ಹೊಡೆದುಕೊಂಡಿತು. ಮೇಡಂ.

"ಶಹಬ್ಬಾಸ್ ರೀ! ಈಗ ತಾನೆ ಅವರು ಫೋನ್ ಮಾಡಿದ್ರು. ಮನೆ ಫೋಟೋದಲ್ಲಿದ್ದ ಹಾಗೇ ಇದೆಯಂತೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ವಂತೆ. ಒಳಗೆ ಮಂಚ, ಪಾತ್ರೆ ಕೂಡ ಇಟ್ಟುಕೊಟ್ಟಿದೀರಂತೆ, ಅವರ ಸಾಮಾನೂ ಇಳಿಸಿ ಆಯ್ತಂತೆ. ನಿಮ್ಮ ಕೆಲಸ ಭದ್ರ!"

ನಾಳೆಪ್ಪ ಬ್ಯಾನರ್ ಬಿಟ್ಟು ಹಿಂದೆ ನೋಡಿದ. ಕಂಬಗಳೇ ಇದ್ದವು.

ಆಗ ಮೇಷ್ಟ್ರು ಎದೆಯುಬ್ಬಿಸಿಕೊಂಡು ಬಂದರು. "ತಡೆಯೋದೇ ಬೇಕಾಗಿಲ್ಲ ಕಣಯ್ಯ. ಡ್ರೈವರ್ ಫೋಟೋ ತೋರಿಸಿ, ಈ ಮನೆ ಎಲ್ಲಿ ಅಂದ. ದಿನಾ ನೋಡೋ ಬಾಗಿಲು ನಂಗೆ ಗೊತ್ತಾಗಲ್ವಾ? ನಿನ್ನ ಮನೇನೇ! ಪಾಪ, ಅವರ ಮನೆ ಕಟ್ಟೋವರೆಗೂ ನಿನ್ನ ಮನೆ ಬಿಟ್ಟುಕೊಟ್ಟಿದೀಯ ಅಂದ್ಕೊಂಡೆ. ನಿನ್ನ ಹೆಂಡ್ತಿ ಮಾರ್ಕೆಟ್ಟಿಗೆ ಹೋಗಿದ್ಳು, ಕೀ ನಮ್ಮನೇಲೇ ಇತ್ತಲ್ಲ, ತೆಗೆದುಕೊಟ್ಟೆ."

ನಾಳೆಪ್ಪನಿಗೆ ಈಗ ನೆನಪಾಯಿತು. ಮನೆ ಯಾವ ಮಾದರಿಯಲ್ಲಿರಬೇಕು ಎಂದು ಎಐ ಕೇಳಿದಾಗ, ಕೈಗೆ ಸಿಕ್ಕ ತನ್ನ ಮನೆಯ ಫೋಟೋವನ್ನೇ ಕೊಟ್ಟು, ಹೀಗೇ ಇರಲಿ ಎಂದಿದ್ದ. ಅದು ಮಾತು ಮೀರಿರಲಿಲ್ಲ. ಬಾಗಿಲ ಮೇಲಿನ ಬಿರುಕನ್ನೂ ಬಿಟ್ಟಿರಲಿಲ್ಲ.

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮನೆ. ಅವನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಫೋನ್ ಮತ್ತೆ ಬಂತು.

"ಒಂದು ಸಣ್ಣ ತೊಂದರೆ ರೀ. ಯಾರೋ ಹೆಂಗಸು ತರಕಾರಿ ಚೀಲ ಹಿಡ್ಕೊಂಡು ಒಳಗೆ ನುಗ್ಗಿ, ಇದು ನನ್ನ ಮನೆ ಅಂತ ಕೂಗಾಡ್ತಿದಾಳಂತೆ. ಈಗ್ಲೇ ಹೋಗಿ ಅವಳನ್ನ ಹೊರಗೆ ಹಾಕಿ, ಬೀಗ ಬದಲಾಯಿಸಿ, ಕೀ ಅವರ ಕೈಗೆ ಕೊಡಿ. ಕೊಟ್ಟ ಮೇಲೆ ಒಂದು ಫೋಟೋ ಕಳಿಸಿ."