ಮೆಮೋಗೆ ಬರೆದ ಮೂರು ಉತ್ತರಗಳು

ಇಂಗ್ಲಿಷಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಇಂಗ್ಲಿಷಿಗೇ ನನ್ನ ಮೇಲೆ ಏನೋ ಹಳೆಯ ಸಿಟ್ಟಿರಬೇಕು. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಇಂಗ್ಲಿಷ್ ವಾಕ್ಯಗಳಲ್ಲಿ ನಾಲ್ಕು ಬಗೆ ಎಂದು ಹೇಳಿಕೊಟ್ಟಿದ್ದರು. ಹೇಳುವುದು, ಕೇಳುವುದು, ಅಪ್ಪಣೆ ಮಾಡುವುದು, ಅಯ್ಯೋ ಎನ್ನುವುದು. ಕೊನೆಯಲ್ಲಿ ಕೊಕ್ಕೆ ಇದ್ದರೆ ಪ್ರಶ್ನೆ; ಪ್ರಶ್ನೆಯಾದರೆ ಉತ್ತರ ಬರೆಯಲೇಬೇಕು, ಬಿಟ್ಟರೆ ಅಂಕ ಹೋಗುತ್ತದೆ. ಇಷ್ಟೇ ಬಂಡವಾಳದಲ್ಲಿ ಎಸ್ಸೆಸ್ಸೆಲ್ಸಿ ದಾಟಿ, ಎಪ್ಪತ್ತರ ದಶಕದ ಕೊನೆಯಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ಸ್ಟೋರ್ಸ್ ಗುಮಾಸ್ತನಾಗಿ ಸೇರಿದೆ.

ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಹನುಮಂತನಗರದ ಅಣ್ಣನ ಮನೆಯ ಒಂದು ಕೋಣೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಶಾರದಾ ಇದ್ದೆವು. ಅತ್ತಿಗೆಯ ಅಡುಗೆಮನೆಯಲ್ಲಿ ಶಾರದಾ ಉಪ್ಪಿನ ಡಬ್ಬಿ ಮುಟ್ಟಬೇಕಾದರೂ ಒಂದು ಮಾತು ಕೇಳಬೇಕಿತ್ತು. ಕೆಲಸ ಖಾಯಂ ಆದರೆ ಕಾರ್ಖಾನೆಗೆ ಹತ್ತಿರವಿರುವ ದಾಸರಹಳ್ಳಿಯಲ್ಲಿ ಬೇರೆ ಮನೆ ಮಾಡುವುದೆಂದು ನಾವಿಬ್ಬರೂ ಗುಟ್ಟಾಗಿ ನಿರ್ಧರಿಸಿದ್ದೆವು. ಅವಳು ಆಗಲೇ ಒಗ್ಗರಣೆ ಸೌಟು, ಎರಡು ಸ್ಟೀಲ್ ಡಬ್ಬಿ ಕೊಂಡು ಟ್ರಂಕಿನಲ್ಲಿ ಬಚ್ಚಿಟ್ಟಿದ್ದಳು. ಅಲ್ಲಿಯವರೆಗೆ ನಾನು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ ಪೀಣ್ಯ ಸೇರಬೇಕು. ವಾರಕ್ಕೆ ಮೂರು ದಿನ ತಡವಾಗುತ್ತಿತ್ತು.

ಕೊನೆಗೆ ಮ್ಯಾನೇಜರ್ ಸಾಹೇಬರಿಂದ ಮೆಮೋ ಬಂತು. ಎರಡು ದಿನದಲ್ಲಿ ಲಿಖಿತ ಉತ್ತರ ಕೊಡತಕ್ಕದ್ದು. ಮಧ್ಯದಲ್ಲಿ ಮೂರು ಪ್ರಶ್ನೆ. ಡಿಕ್ಷನರಿ ಹಿಡಿದು ಬಿಡಿಸಿದೆ. ಇದು ಕಾರ್ಖಾನೆಯೋ ಧರ್ಮಛತ್ರವೋ? ಇಲ್ಲಿನ ಗಡಿಯಾರ ನಿಮ್ಮ ಅನುಕೂಲಕ್ಕೆ ತಕ್ಕಂತೆ ನಡೆಯಬೇಕೆ? ಆಡಳಿತವರ್ಗ ಇದನ್ನು ಇನ್ನೆಷ್ಟು ದಿನ ಸಹಿಸಬೇಕು? ಮೂರಕ್ಕೂ ಕೊಕ್ಕೆ ಇತ್ತು. ಮೊದಲನೆಯದನ್ನು ಓದಿ ನನಗೆ ಗಲಿಬಿಲಿಯಾಯಿತು. ಅಷ್ಟು ದೊಡ್ಡ ಮನುಷ್ಯರಿಗೆ ಇದು ಗೊತ್ತಿಲ್ಲವೇ ಅನ್ನಿಸಿತು. ಆದರೂ ಕೇಳಿದ ಮೇಲೆ ಹೇಳಬೇಕಲ್ಲ. ಹಾಳೆಗೆ ಮಾರ್ಜಿನ್ ಎಳೆದು, ನಂಬರ್ ಹಾಕಿ ಬರೆದೆ. ಒಂದು, ಇದು ಕಾರ್ಖಾನೆ. ಎರಡು, ಬೇಕಿಲ್ಲ, ಗಡಿಯಾರ ಈಗ ಸರಿಯಾಗಿಯೇ ನಡೆಯುತ್ತಿದೆ. ಮೂರು, ನನ್ನನ್ನು ಖಾಯಂ ಮಾಡುವವರೆಗೆ. ದಾಸರಹಳ್ಳಿಯ ಮನೆಯ ವಿಷಯ ವಿವರಿಸುವಷ್ಟು ಇಂಗ್ಲಿಷ್ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಕಾಗದ ಸಾಹೇಬರ ಮೇಜು ಸೇರಿದ ಮೇಲೆ ಅದರ ನಕಲನ್ನು ನಮ್ಮ ಟೈಪಿಸ್ಟ್ ಗೋಪಾಲಯ್ಯನವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ ಗುರುವೇ, ಅದು ಪ್ರಶ್ನೆ ಅಲ್ಲ ಕಣಯ್ಯ, ಬೈಗುಳ! ರೆಟರಿಕಲ್ ಕ್ವೆಶ್ಚನ್ ಅಂತಾರೆ. ಅದಕ್ಕೆ ಯಾರಾದ್ರೂ ಉತ್ತರ ಕೊಡ್ತಾರಾ?"

"ಕೊಡಲ್ವಾ ಸಾರ್?" ಎಂದೆ.

"ನೋಡು, ನಾನೀಗ ಕೇಳಿದ್ದೂ ಅಂಥದ್ದೇ! ದೊಡ್ಡೋರು ಇಂಗ್ಲಿಷ್‌ನಲ್ಲಿ ಏನಾದ್ರೂ ಕೇಳಿದ್ರೆ ತಲೆ ತಗ್ಗಿಸ್ಕೊಂಡು ಸುಮ್ನೆ ನಿಂತ್ಕೋಬೇಕು."

"ಹಂಗಾದ್ರೆ ಅದಕ್ಕೆ ಬೇರೆ ಚಿಹ್ನೆ ಇಲ್ವಾ? ಗುರುತು ಹಿಡಿಯೋದು ಹೆಂಗೆ?"

"ಮುಖ ನೋಡ್ಬೇಕಪ್ಪ."

ಕಾಗದಕ್ಕೆ ಮುಖ ಎಲ್ಲಿರುತ್ತದೆ ಎಂದು ಕೇಳಬೇಕೆನಿಸಿತು. ಹಾಗೆ ನೋಡಿದರೆ ಚಿಕ್ಕಂದಿನಲ್ಲಿ ಅಪ್ಪ "ನಿನ್ನ ತಲೇಲಿ ಏನಿದೆಯೋ?" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದರು, ನಾನೆಂದೂ ಉತ್ತರ ಹೇಳಿದವನಲ್ಲ. ಅದನ್ನು ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ಇಂಗ್ಲಿಷಿನವರೂ ನಮ್ಮ ಹಾಗೆಯೇ ಬೈಯುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಸಾಹೇಬರು ಕರೆಸಿದರು. ಮುಖ ನೋಡಿದೆ. ದಪ್ಪ ಮೀಸೆ ಇತ್ತು. ಅದರ ಕೆಳಗೆ ಇದ್ದದ್ದು ನಗುವೋ ಕೋಪವೋ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ, ನನಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಕೇಳಿದರು. ನಿಮ್ಮ ಮನೆ ಬಹಳ ದೂರವೇ? ನಾನು ತಲೆ ತಗ್ಗಿಸಿದೆ. ಮನೆಯಲ್ಲಿ ಏನಾದರೂ ತೊಂದರೆಯೇ? ಇನ್ನಷ್ಟು ತಗ್ಗಿಸಿದೆ. ನಿಮ್ಮನ್ನು ಖಾಯಂ ಮಾಡುವುದು ನಿಮಗೆ ಬೇಕೋ ಬೇಡವೋ? ಬಾಯಿ ತಾನಾಗಿಯೇ ತೆರೆಯಿತು. ಗೋಪಾಲಯ್ಯನವರ ಮಾತು ನೆನಪಾಗಿ ಕಷ್ಟಪಟ್ಟು ಮುಚ್ಚಿಕೊಂಡೆ. ಸಾಹೇಬರು ತುಂಬ ಹೊತ್ತು ಕಾದು, ಪೆನ್ನಿನ ಕ್ಯಾಪ್ ಹಾಕಿ, ಹೋಗಿ ಎಂದು ಕೈ ಮಾಡಿದರು. ಈ ಸಲ ಗೆದ್ದೆ ಎಂದುಕೊಂಡು ಹೊರಗೆ ಬಂದೆ.

ಸಂಜೆ ಪತ್ರ ಬಂತು. ಖಾಯಂ ಆಗುವ ಆಸಕ್ತಿ ನನ್ನಲ್ಲಿ ಕಾಣದ ಕಾರಣ ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದುವರಿಯುವುದು. ಟೈಪ್ ಮಾಡಿದ ಗೋಪಾಲಯ್ಯನವರು ಅದನ್ನು ಕೊಡುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

ಮನೆಯಲ್ಲಿ ಶಾರದಾಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಅತ್ತಿಗೆಗೆ ಕೇಳಿಸದಂತೆ ಕೋಣೆಯ ಬಾಗಿಲು ಮುಂದೆ ಮಾಡಿದಳು.

"ಅವ್ರು ಅಷ್ಟು ಒಳ್ಳೇ ಮಾತಲ್ಲಿ ಕೇಳಿದಾಗ ಎಸ್ ಸಾರ್ ಅನ್ನೋಕೆ ನಿಮಗೇನಾಗಿತ್ತು?"

ಇದು ಬೈಗುಳವೇ ಸರಿ ಎಂದು ನಾನು ತಲೆ ತಗ್ಗಿಸಿದೆ.

"ಬೈತಾ ಇಲ್ಲ ಕಣ್ರೀ. ನಿಜವಾಗ್ಲೂ ಕೇಳ್ತಿದೀನಿ, ಹೇಳಿ."

ತಲೆ ಎತ್ತಿ ಅವಳ ಮುಖ ನೋಡಿದೆ. ಕಣ್ಣು ತುಂಬಿತ್ತು. ಇದಕ್ಕೆ ಉತ್ತರ ಕೊಡಲೇಬೇಕೆಂದು ಈ ಸಲ ಚೆನ್ನಾಗಿ ಅರ್ಥವಾಯಿತು. ಉತ್ತರ ಮಾತ್ರ ಗೊತ್ತಿರಲಿಲ್ಲ.