ಮಾವನ ಮೂರನೇ ಮೋಟರು

ನನ್ನ ಸೋದರಮಾವ ಜೀವಮಾನದಲ್ಲಿ ಒಂದು ವಸ್ತುವನ್ನೂ ಕಣ್ಣಿನಿಂದ ನೋಡಿ ಒಪ್ಪಿದವರಲ್ಲ. ಎಲ್ಲವನ್ನೂ ಕಿವಿಗೆ ಹಿಡಿದೇ ತೀರ್ಮಾನಿಸುವವರು. ಕಣ್ಣು ಕಾಣುವುದಿಲ್ಲವೇ ಎಂದು ಕೇಳಬೇಡಿ. ತೋಟದ ಆ ತುದಿಗೆ ಎಮ್ಮೆ ನುಗ್ಗಿದರೆ ಅದು ಯಾರ ಮನೆಯದೆಂದು ಈ ತುದಿಯಿಂದಲೇ ಹೇಳಬಲ್ಲರು. ಕಣ್ಣಿನ ಮೇಲೆ ಅವರಿಗೆ ನಂಬಿಕೆಯಿಲ್ಲ, ಅಷ್ಟೆ.

ಇದಕ್ಕೆಲ್ಲ ಕಾರಣ ಕೊಬ್ಬರಿ. ನೊಣವಿನಕೆರೆ ಹತ್ತಿರದ ಅವರ ಮನೆಯ ಅಟ್ಟದ ಮೇಲೆ ತೆಂಗಿನಕಾಯಿಗಳು ಹೆಚ್ಚುಕಡಿಮೆ ವರ್ಷವಿಡೀ ಮಲಗಿರುತ್ತವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡರೆ ಉಂಡೆ ಕೊಬ್ಬರಿ. ಅದು ಆಗಿದೆಯೋ ಇಲ್ಲವೋ ಹೊರಗಿನಿಂದ ಯಾರಿಗೂ ಕಾಣದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಎಂದರೆ ಬಿಟ್ಟಿದೆ, ಇಲ್ಲದಿದ್ದರೆ ಹಸಿ. ನಮ್ಮ ಕಡೆ ಎಲ್ಲರೂ ಮಾಡುವುದು ಹೀಗೆಯೇ. ಆದರೆ ಮಿಕ್ಕವರು ಅದನ್ನು ಕಾಯಿಗಷ್ಟೇ ನಿಲ್ಲಿಸುತ್ತಾರೆ. ಮಾವ ನಿಲ್ಲಿಸಲಿಲ್ಲ.

ಟಾರ್ಚು ಕೊಳ್ಳಲು ತಿಪಟೂರಿಗೆ ಹೋದಾಗ ಅದನ್ನೂ ಅಲ್ಲಾಡಿಸಿ ಕಿವಿಗೆ ಹಿಡಿದರು. ಅಂಗಡಿಯವನು, "ಯಜಮಾನ್ರೇ, ಇದು ಬೆಳಕು ಬಿಡೋದು, ಹಾಡು ಹೇಳೋದಲ್ಲ" ಎಂದ. ಹೆಣ್ಣು ನೋಡಲು ಹೋದಾಗ ತಲೆಯೆತ್ತದೆ ಕುಳಿತಿದ್ದವರು, ಒಳಗಿನಿಂದ ಬಂದ ನಗು ಕೇಳಿಯೇ ಒಪ್ಪಿಕೊಂಡರಂತೆ. ಆ ನಗು ಅತ್ತೆಯ ತಂಗಿಯದು ಎಂದು ಗೊತ್ತಾದದ್ದು ಮದುವೆಯಾದ ಮೇಲೆ! ಅತ್ತೆಯನ್ನು ಕೇಳಿದರೆ, "ನನ್ನ ಹಿಡ್ಕಂಡು ಅಲ್ಲಾಡಿಸ್ಲಿಲ್ವಲ್ಲ, ಅದೇ ಪುಣ್ಯ ಕಣೇ" ಎನ್ನುತ್ತಾರೆ. ಆ ಪುಣ್ಯ ನನಗಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಪರೀಕ್ಷೆಯ ಅಂಕಪಟ್ಟಿಯನ್ನು ಬದಿಗಿಟ್ಟು, ಎರಡೂ ಕೈಗಳಿಂದ ನನ್ನ ತಲೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಕಿವಿಗೊಟ್ಟು, "ಇನ್ನೂ ಹಸಿ ಕಣವ್ವ" ಎಂದು ತೀರ್ಪು ಕೊಡುತ್ತಿದ್ದರು.

ಇಂಥ ಮಾವ ಅರವತ್ತು ದಾಟಿದ ಮೇಲೆ ಒಂದು ಸಿಎನ್‌ಸಿ ಯಂತ್ರ ಕಟ್ಟಿದರು. ಕಂಪ್ಯೂಟರಿನಲ್ಲಿರುವ ಚಿತ್ರವನ್ನು ಮರದ ಹಲಗೆಯ ಮೇಲೆ ತಾನಾಗಿ ಕೆತ್ತುವ ಯಂತ್ರ ಅದು. ಮೊಬೈಲಿನಲ್ಲಿ ವಿಡಿಯೊ ನೋಡಿ (ನೋಡಿ ಎನ್ನುವುದಕ್ಕಿಂತ ಕೇಳಿ), ಗುಜರಿ ಕಬ್ಬಿಣ ತಂದು, ಅಟ್ಟದ ಕೆಳಗಿನ ಕೋಣೆಯಲ್ಲಿ ನಿಲ್ಲಿಸಿದರು. ಉದ್ದಕ್ಕೊಂದು, ಅಗಲಕ್ಕೊಂದು, ಮೇಲೆ ಕೆಳಗೆ ಆಡಲೊಂದು, ಹೀಗೆ ಮೂರು ಮೋಟರು. ಅವನ್ನು ಆಡಿಸಲು ಹಳೆಯದೊಂದು ಬೋರ್ಡು. ಯಂತ್ರ ಜೋರಾಗಿ ಓಡಿದರೆ ಆ ಬೋರ್ಡಿಗೆ ಲೆಕ್ಕ ತಪ್ಪುತ್ತಿತ್ತು. ದಬ್ಬೇಘಟ್ಟದ ಪರಿಚಯದವರೊಬ್ಬರು ಬಾಗಿಲಿಗೆಂದು ಬಸವಣ್ಣನನ್ನು ಕೆತ್ತಲು ಕೊಟ್ಟರೆ ಕೊಂಬು ಬಾಲದ ಬುಡದಲ್ಲಿ ಮೂಡಿತು. ಮಾವ ಧೈರ್ಯಗೆಡದೆ, "ತಿರುಗಿ ನೋಡ್ತಾವ್ನೆ ಕಣ್ರೀ" ಎಂದುಬಿಟ್ಟರು.

ಇಲ್ಲಿ ನನ್ನ ಪ್ರವೇಶ. ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು. "ಕಿವಿಯಿಂದ ಇದೆಲ್ಲ ಆಗಲ್ಲ ಮಾವ, ಹೊಸ ಬೋರ್ಡು ಹಾಕೋಣ" ಎಂದೆ. ಮಾವ ತರಿಸಿದರು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಜೋಡಿಸುವ ದಿನ ನೆರೆಹೊರೆಯವರನ್ನೂ ಕರೆದರು. ಕೊಬ್ಬರಿ ಚೀಲಗಳ ಮೇಲೆ ಆರೇಳು ಜನ ಕುಳಿತರು. "ನಮ್ಮ ಮೇಡಮ್ಮು. ಕಾಲೇಜ್ನಾಗೆ ಹೇಳ್ಕೊಡ್ತಾಳೆ" ಎಂದು ಮಾವ ಬಂದವರಿಗೆಲ್ಲ ಹೇಳಿದರು. ನಾನೂ ಬೇಡವೆನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ನಾನು ವೈರು ಜೋಡಿಸುತ್ತಿದ್ದಾಗ ಮಾವ ಹೆಗಲ ಮೇಲಿನ ಟವೆಲಿನಿಂದ ಹೊಸ ಬೋರ್ಡಿನ ಮೇಲಿನ ನಾರಿನ ಧೂಳು ಒರೆಸಿದರು. ಆಮೇಲೆ ಸ್ವಿಚ್ಚು ಹಾಕಿದೆ. ಕರೆಂಟು ಕೊಡುವ ಡಬ್ಬಿಯ ಫ್ಯಾನು ಗುಂಯ್ ಎಂದು ತಿರುಗಿತು. ಮೊದಲನೆಯ ಮೋಟರು ಓಡಿತು, ಎರಡನೆಯದೂ ಓಡಿತು. ಮೂರನೆಯದು ಓಡದೆ, ಚಳಿ ಹಿಡಿದವರ ಹಾಗೆ ನಿಂತಲ್ಲೇ ನಡುಗಿತು.

ಮಾವ ಬಗ್ಗಿ ಅದಕ್ಕೆ ಕಿವಿಯಿಟ್ಟರು. "ಮೂರನೇದು ಹಸಿ ಕಣವ್ವ. ಎಲ್ಲೋ ವೈರು ಸರಿಯಾಗಿ ಕೂತಿಲ್ಲ. ಆಫ್ ಮಾಡಿ ನೋಡು."

"ಮೋಟರು ಹಸಿಯಾಗೋದಕ್ಕೆ ಅದೇನು ತೆಂಗಿನಕಾಯೇ ಮಾವ?" ಎಂದೆ. ಕುಳಿತವರು ನಕ್ಕರು. ಮಾವನೂ ನಕ್ಕು, ಎಲ್ಲರಿಗೂ ಎಳನೀರು ತರಲು ಹಿತ್ತಿಲಿಗೆ ಹೋದರು.

ನಕ್ಕವರು ಈಗ ನನ್ನನ್ನೇ ನೋಡುತ್ತಿದ್ದರು. ಅವಸರದಲ್ಲಿ, ಸ್ವಿಚ್ಚು ಆರಿಸದೆಯೇ, ಮೂರನೆಯ ಮೋಟರಿನ ವೈರನ್ನು ಸರಿಯಾಗಿ ಕೂರಿಸಲೆಂದು ಕಿತ್ತೆ. ಚಿಟ್ ಎಂದಿತು. ಸುಟ್ಟ ವಾಸನೆ ಬಂತು. ಕರೆಂಟು ಇರುವಾಗ ಈ ಮೋಟರಿನ ವೈರು ಕಿತ್ತರೆ ಬೋರ್ಡು ಸುಡುತ್ತದೆಂದು ಪ್ರತಿವರ್ಷ ಮೊದಲ ವಾರವೇ ಪಾಠ ಹೇಳುವವಳು ನಾನು! ನೋಡುತ್ತಿದ್ದವರಿಗೆ ಅದು ತಪ್ಪೆಂದೂ ತಿಳಿಯಲಿಲ್ಲ.

ಮಾವ ಎಳನೀರಿನ ಗೊನೆ ಹಿಡಿದು ಒಳಗೆ ಬಂದರು. ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. "ಮಾವ, ಟವೆಲು ಒದ್ದೆಯಿತ್ತಾ?"

ಮಾವ ನನ್ನ ಮುಖ ನೋಡಿದರು, ಬೋರ್ಡು ನೋಡಿದರು, ಕುಳಿತವರನ್ನು ನೋಡಿದರು. ಗೊನೆಯನ್ನು ನಿಧಾನವಾಗಿ ಕೆಳಗಿಟ್ಟರು. "ಹೂಂ ಕಣವ್ವ. ಕೈ ಒರೆಸ್ಕಂಡಿದ್ದೆ. ಒದ್ದೆ ಇತ್ತು ಅಂತ ಕಾಣ್ತದೆ."

ಅಂದಿನಿಂದ ಅವರು 'ಒದ್ದೆ ಟವೆಲಿನ ಯಜಮಾನರು' ಆದರು. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ಅದೇ ಮಾತು. ನಗುವವರ ಜೊತೆ ತಾವೂ ಸೇರಿ, "ಅವ್ಳು ಸರಿಯಾಗೇ ಮಾಡಿದ್ಲು, ನಾನು ಒರೆಸಿ ಸುಟ್ಟೆ" ಎನ್ನುತ್ತಿದ್ದರು. ಒಂದು ಮದುವೆಯಲ್ಲಿ ನಮ್ಮ ಪ್ರಿನ್ಸಿಪಾಲರ ಮುಂದೆಯೂ ಅದನ್ನೇ ಹೇಳಿದರು. ಪಕ್ಕದ ಎಲೆಯಲ್ಲಿ ನಾನಿದ್ದೆ. ಹೋಳಿಗೆ ಗಂಟಲಿನಲ್ಲಿ ನಿಂತಿತು. ಆದರೂ ಬಾಯಿ ಬಿಡದೆ, ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು ಅದನ್ನು ಇಳಿಸಿದೆ. ಆ ವಾರ ಹೊಸ ತರಗತಿ ಶುರುವಾಗಿ ಅದೇ ಪಾಠ ಬಂತು. ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಪುಸ್ತಕದಲ್ಲಿ ಓದಿಕೊಳ್ಳಿ ಎಂದೆ.

ಎರಡು ತಿಂಗಳಾದ ಮೇಲೆ ಮಾವ ಫೋನು ಮಾಡಿ, ಇನ್ನೊಂದು ಬೋರ್ಡು ತರಿಸಿ ತಾವೇ ಹಾಕಿರುವುದಾಗಿ ಹೇಳಿದರು. ನಿಜ ಹೇಳಿಯೇ ಬರುವುದೆಂದು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಯಂತ್ರ ಬೆಣ್ಣೆಯಂತೆ ಓಡುತ್ತಿತ್ತು. ಮಾವನ ಮುಖ ಮಾತ್ರ ಸಪ್ಪಗಿತ್ತು. "ಮೋಟ್ರಿಂದು ಸದ್ದೇ ಇಲ್ಲ ಕಣವ್ವ. ಕೆಲ್ಸ ಮಾಡ್ತಾ ಐತೋ ಇಲ್ವೋ, ಹೆಂಗೆ ತಿಳ್ಕಬೇಕು?"

ನಗು ಬಂತು. ನಗುತ್ತಲೇ ಗೋಡೆ ನೋಡಿದೆ. ಹೊಸ ಬೋರ್ಡಿನಿಂದ ಕೆತ್ತಿದ ಮೊದಲ ಹಲಗೆ ಅಲ್ಲಿ ನೇತಾಡುತ್ತಿತ್ತು: 'ಕರೆಂಟು ಆರಿಸದೆ ಮೋಟರಿನ ವೈರು ಕೀಳಬಾರದು.'

ಟವೆಲಿನ ಸುದ್ದಿಯೇ ಇರಲಿಲ್ಲ.

"ಕಿತ್ತಿದ್ದು ನಾನು ಮಾವ," ಎಂದೆ. ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ನಿಮ್ಮ ಟವೆಲಿನಿಂದ ಏನೂ ಆಗಿರಲಿಲ್ಲ."

"ಗೊತ್ತು ಬುಡು. ಹಿತ್ಲಾಗಿದ್ರೂ ಕಿವಿ ಇಲ್ಲೇ ಇತ್ತಲ್ಲ. ಮೋಟ್ರು ನಡುಗ್ತಿತ್ತು, ಆಮ್ಯಾಕೆ ಚಿಟ್ ಅಂತು. ಡಬ್ಬಿ ಫ್ಯಾನು ನಿಂತೇ ಇರ್ಲಿಲ್ಲ, ಕರೆಂಟು ಆಫ್ ಆಗಿರ್ಲಿಲ್ಲ."

"ಮತ್ತೆ ನೀವೇ ಸುಟ್ಟೆ ಅಂತ ಯಾಕೆ ಹೇಳಿಕೊಂಡು ಬಂದ್ರಿ?"

"ನನ್ನ ನೋಡಿ ನಕ್ರೆ ನಂಗೇನಾಯ್ತದೆ? ನೀನು ನಾಳೆ ಹೋಗಿ ಹುಡುಗ್ರ ಮುಂದೆ ನಿಂತ್ಕಬೇಕಲ್ಲವ್ವ."

ನಾನು ತಲೆ ತಗ್ಗಿಸಿ ನಿಂತೆ. ಕಣ್ಣೀರು ಮರದ ಪುಡಿಯ ಮೇಲೆ ಬೀಳುತ್ತಿತ್ತು. ಮಾವ ಯಂತ್ರ ನಿಲ್ಲಿಸಿ ಹತ್ತಿರ ಬಂದರು. ಕಾಲೇಜಿಗೆ ಹೋಗುವ ಮಗಳಿರುವ ನನ್ನ ತಲೆಯನ್ನು ಎರಡೂ ಕೈಗಳಿಂದ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಕಿವಿಯಿಟ್ಟು ಬಹಳ ಹೊತ್ತು ಕೇಳಿದರು.

"ಹೂಂ," ಎಂದರು. "ಈಗ ಬಿಟ್ಟೈತೆ."